ಹಳೇ ಕಬ್ಬಿಣ, ಹೊಸ ತಗಡು

‘ಆಗಿನ ಕಾರು ಅಂದರೆ ಕಬ್ಬಿಣ, ಈಗಿನದು ಬರೀ ತಗಡು.’ ಮದುವೆ ಚಪ್ಪರದಡಿ ನಾಲ್ಕು ಮಂದಿ ಹಿರಿಯರು ಕೂತರೆ ಈ ಮಾತು ಬಂದೇ ಬರುತ್ತದೆ. ನಾವೂ ಬಹುಕಾಲ ಹೌದೆಂದು ತಲೆಯಾಡಿಸಿದವರೇ. ಈ ಸಲ ಅಮೆರಿಕದ ಎರಡು ಹಳೆಯ ಕಾರುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡೋಣ.

ಮೊದಲನೆಯದು ಹೆನ್ರಿ ಫೋರ್ಡ್ ಅವರ ಮಾಡೆಲ್ ಟಿ. 1908ರಲ್ಲಿ ಹೊರಬಂತು. 20 ಅಶ್ವಶಕ್ತಿ, ಗಂಟೆಗೆ ಹೆಚ್ಚೆಂದರೆ 70 ಕಿ.ಮೀ. ಓಟ. ವೇಗ ಹೆಚ್ಚಿಸಲು ಕಾಲಿನ ಪೆಡಲ್ ಇಲ್ಲ, ಸ್ಟೇರಿಂಗ್ ಬಳಿಯ ಹಿಡಿಯನ್ನು ಕೈಯಿಂದ ಎಳೆಯಬೇಕು. ಪೆಟ್ರೋಲ್ ಟ್ಯಾಂಕ್ ಸೀಟಿನಡಿಯಲ್ಲಿ. ಪಂಪ್ ಇಲ್ಲದ್ದರಿಂದ ಪೆಟ್ರೋಲ್ ತಾನಾಗಿಯೇ ಇಳಿದು ಎಂಜಿನ್ ಸೇರಬೇಕು. ಪೆಟ್ರೋಲ್ ಕಡಿಮೆಯಿದ್ದಾಗ ಕಡಿದಾದ ಏರು ಬಂದರೆ ಎಂಜಿನ್ ಮೇಲೆ, ಟ್ಯಾಂಕ್ ಕೆಳಗೆ! ಆಗ ಕಾರನ್ನು ತಿರುಗಿಸಿ ರಿವರ್ಸ್‌ನಲ್ಲಿ ಗುಡ್ಡ ಹತ್ತಿಸುತ್ತಿದ್ದರಂತೆ. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವಾಗ ಅದು ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರೂ ಇದ್ದರು.

ಆದರೂ ಜನ ಕೊಂಡರು. ಕೆಟ್ಟರೆ ರೈತ ತಾನೇ ಬಿಚ್ಚಿ ಸರಿಪಡಿಸಿಕೊಳ್ಳಬಹುದಿತ್ತು. ಆರಂಭದಲ್ಲಿ 850 ಡಾಲರ್ ಇದ್ದ ಟೂರಿಂಗ್ ಕಾರಿನ ಬೆಲೆ 1925ರ ಹೊತ್ತಿಗೆ 300 ಡಾಲರಿಗಿಂತ ಕೆಳಗಿಳಿಯಿತು. ಬೆಲೆ ಇಳಿಸುತ್ತಾ ಹೋದ ವ್ಯಾಪಾರಿ ಅಪರೂಪವಲ್ಲವೇ? 1927ರಲ್ಲಿ ನಿಲ್ಲುವವರೆಗೆ ಒಂದೂವರೆ ಕೋಟಿ ಕಾರುಗಳು ತಯಾರಾದವು.

ಎರಡನೆಯದು 1959ರ ಶೆವ್ರೊಲೆ ಬೆಲ್ ಏರ್. ಇದು ಬೇರೆಯೇ ಕಾಲ. ಹಬ್ಬಕ್ಕೊಂದು ಅಂಗಿಯಂತೆ ಕಾರಿಗೆ ವರ್ಷಕ್ಕೊಂದು ರೂಪ. ಹಿಂಬದಿಯಲ್ಲಿ ಬಾವಲಿಯಂತೆ ಚಾಚಿದ ರೆಕ್ಕೆಗಳು, ಬೆಕ್ಕಿನ ಕಣ್ಣಿನಂಥ ದೀಪಗಳು, ಕ್ರೋಮಿಯಂ ಹೊಳಪು. ಆ ರೆಕ್ಕೆಗಳಿಂದ ಏನು ಪ್ರಯೋಜನ ಎಂದು ಕೇಳಬೇಡಿ, ಚೆಂದ ಅಷ್ಟೆ. ಒಂದೂವರೆ ಟನ್ನಿಗೂ ಮೀರಿದ ತೂಕ. ನಮ್ಮ ಹಿರಿಯರು ಹೇಳುವ ‘ಕಬ್ಬಿಣ’ ಇದೇ.

2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆಯೊಂದು ಈ ಬೆಲ್ ಏರ್‌ಗೂ ಅದೇ ಕಂಪನಿಯ ಹೊಸ ಮಾಲಿಬುವಿಗೂ ಎದುರುಬದುರು ಡಿಕ್ಕಿ ಹೊಡೆಸಿತು. ಎರಡೂ ಗಂಟೆಗೆ 64 ಕಿ.ಮೀ. ವೇಗದಲ್ಲಿ. ಚಾಲಕರ ಜಾಗದಲ್ಲಿ ಗೊಂಬೆಗಳು. ತೂಕದಲ್ಲಿ ಹೆಚ್ಚು ಅಂತರವಿರಲಿಲ್ಲ. ‘ತಗಡಿನ’ ಮಾಲಿಬುವಿನ ಮೂತಿ ಜಜ್ಜಿಹೋಯಿತು, ಆದರೆ ಆ ಜಜ್ಜುವಿಕೆಯೇ ಪೆಟ್ಟನ್ನು ನುಂಗಿತು. ಚಾಲಕ ಕೂರುವ ಭಾಗ ಹಾಗೇ ಉಳಿಯಿತು. ಮನುಷ್ಯನಿದ್ದಿದ್ದರೆ ಕಾಲಿಗೆ ಪೆಟ್ಟಾಗುತ್ತಿತ್ತು. ಬೆಲ್ ಏರ್‌ನಲ್ಲಿ ಮಾತ್ರ ಚಾಲಕನ ಜಾಗವೇ ಮುದುಡಿ, ಸ್ಟೇರಿಂಗ್ ಗೊಂಬೆಯ ಕಡೆಗೆ ನುಗ್ಗಿತ್ತು. ಅಲ್ಲಿ ಮನುಷ್ಯ ಬದುಕುಳಿಯುವುದು ಕಷ್ಟವಿತ್ತು.

ಆ ಕಾರಿನಲ್ಲಿ ಸೀಟ್ ಬೆಲ್ಟ್ ಇರಲಿಲ್ಲ. ಅಮೆರಿಕದ ಹೊಸ ಕಾರುಗಳಿಗೆ ಅದನ್ನು ಕಡ್ಡಾಯ ಮಾಡಿದ್ದು 1968ರಲ್ಲಿ. ಅಷ್ಟರವರೆಗೆ ಅಪ್ಪ ಅಮ್ಮಂದಿರು ಮಕ್ಕಳನ್ನು ಮುಂದಿನ ಸೀಟಿನಲ್ಲಿ ನಿಲ್ಲಿಸಿಕೊಂಡೇ ಹೋಗುತ್ತಿದ್ದರು, ಕಾರು ಗಟ್ಟಿ ಎಂಬ ಧೈರ್ಯದಲ್ಲಿ.