ಸೇನೆ ವಾಪಸ್ ಬಂತು, ಉಳ್ಳಾಗಡ್ಡಿ ಹೋಗುತ್ತಲೇ ಇತ್ತು: ಮಾಲ್ಡೀವ್ಸ್ ಲೆಕ್ಕಾಚಾರ

ಸೊಲ್ಲಾಪುರ: 2023ರ ಡಿಸೆಂಬರ್ 8ರಂದು ಕೇಂದ್ರ ಸರಕಾರ ಉಳ್ಳಾಗಡ್ಡಿ ರಫ್ತಿಗೆ ಬೀಗ ಜಡಿದಿದ್ದನ್ನು ಈ ಭಾಗದ ರೈತರು ಇನ್ನೂ ಮರೆತಿಲ್ಲ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಮಂಗಳವೇಢಾ ಕಡೆಯ ಮಾಲಿನ ಜೊತೆಗೆ ವಿಜಯಪುರ, ಕಲಬುರ್ಗಿ ಕಡೆಯ ಮಾಲೂ ಬಂದು ಬೀಳುವ ಸೊಲ್ಲಾಪುರ ಮಾರ್ಕೆಟ್ ಯಾರ್ಡಿನಲ್ಲಿ ಆಗ ದರ ಕುಸಿದಿತ್ತು. ಬೀಗ ಇನ್ನೂ ತೆಗೆದಿರಲಿಲ್ಲ. 2024ರ ಏಪ್ರಿಲ್ 5ರಂದು ಅದೇ ಸರಕಾರ ಮಾಲ್ಡೀವ್ಸ್ ಎಂಬ ಪುಟ್ಟ ದ್ವೀಪ ದೇಶಕ್ಕೆ 35,749 ಟನ್ ಉಳ್ಳಾಗಡ್ಡಿ ಕಳಿಸಲು ಪರವಾನಗಿ ಕೊಟ್ಟಿತು.

ಅದೂ ಎಂಥ ಹೊತ್ತಿನಲ್ಲಿ? ಭಾರತದ ಸೈನಿಕರು ನಮ್ಮ ನೆಲ ಬಿಟ್ಟು ಹೋಗಲಿ ಎಂದು ಮಾಲ್ಡೀವ್ಸ್ ಗಡುವು ಕೊಟ್ಟು ಕೂತಿದ್ದ ಹೊತ್ತಿನಲ್ಲಿ. ನಮ್ಮವರನ್ನ ಹೊರಗ ಹಾಕಿದವರಿಗೆ ಉಳ್ಳಾಗಡ್ಡಿ ಯಾಕ, ನಮ್ಮ ಮಾಲಿಗೆ ಬಂದ್ ಯಾಕ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಒಂದು ಸಣ್ಣ ದೇಶ ಎರಡು ದೊಡ್ಡ ದೇಶಗಳ ನಡುವೆ ಹೇಗೆ ಸಂಸಾರ ಮಾಡುತ್ತದೆ ಎಂಬುದು ತಿಳಿಯುತ್ತದೆ.

ಅಕ್ಕಿಯಿಂದ ಮರಳಿನವರೆಗೆ

ಮಾಲ್ಡೀವ್ಸ್‌ನಲ್ಲಿ ಸುಮಾರು 1,200 ದ್ವೀಪಗಳಿವೆ. ಜನ ವಾಸ ಇರುವುದು ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. ಒಟ್ಟು ನೆಲ ಸುಮಾರು 300 ಚದರ ಕಿಲೋಮೀಟರ್, ಜನಸಂಖ್ಯೆ 2022ರ ಗಣತಿಯಂತೆ ಸುಮಾರು 5.15 ಲಕ್ಷ. ಮೀನು ಬಿಟ್ಟರೆ ಊಟದ ತಾಟಿನಲ್ಲಿ ಇರುವ ಬಹುತೇಕ ಎಲ್ಲವೂ ಹಡಗಿನಲ್ಲಿ ಬರಬೇಕು.

ಇದಕ್ಕಾಗಿಯೇ 1981ರಲ್ಲಿ ಭಾರತದ ಜೊತೆ ವ್ಯಾಪಾರ ಒಪ್ಪಂದ ಆಯಿತು. ಭಾರತದಲ್ಲಿ ರಫ್ತು ನಿಷೇಧ ಇದ್ದರೂ ಮಾಲ್ಡೀವ್ಸ್‌ಗೆ ಇಂತಿಷ್ಟು ಸಾಮಾನು ಕಳಿಸಲು ವರ್ಷ ವರ್ಷ ಕೋಟಾ ಗೊತ್ತು ಮಾಡಲಾಗುತ್ತದೆ. 2024-25ರ ಪಟ್ಟಿ ನೋಡಿ: ಅಕ್ಕಿ 1,24,218 ಟನ್, ಗೋಧಿ ಹಿಟ್ಟು 1,09,162 ಟನ್, ಸಕ್ಕರೆ 64,494 ಟನ್, ಬಟಾಟೆ 21,513 ಟನ್, ಮೊಟ್ಟೆ 42.75 ಕೋಟಿ. ಮನೆ ಕಟ್ಟಲು ಮರಳು 10 ಲಕ್ಷ ಟನ್, ಜಲ್ಲಿ 10 ಲಕ್ಷ ಟನ್. 1981ರಿಂದ ಈಚೆಗೆ ಇಷ್ಟು ದೊಡ್ಡ ಕೋಟಾ ಕೊಟ್ಟಿದ್ದು ಅದೇ ಮೊದಲು. ಸಂಬಂಧ ತೀರ ಹಳಸಿದ್ದ ವರ್ಷವೇ ಕೋಟಾ ಹೆಚ್ಚಾಯಿತು ಎಂಬುದು ಗಮನಿಸಬೇಕಾದ ಸಂಗತಿ.

ಲೆಕ್ಕ ಹಾಕಿದರೆ ತಲೆಗೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಮೊಟ್ಟೆ ಬೀಳುತ್ತವೆ. ಕೋಟಾ ಎಂಬುದು ಮೇಲ್ಮಿತಿ, ಅಷ್ಟನ್ನೂ ಒಯ್ಯಲೇಬೇಕೆಂದಿಲ್ಲ. ಮೇಲಾಗಿ ಅಲ್ಲಿ ವರ್ಷಕ್ಕೆ 20 ಲಕ್ಷದಷ್ಟು ಪ್ರವಾಸಿಗರು ಬಂದು ಉಣ್ಣುತ್ತಾರೆ.

ಮುನಿಸು ಬೆಳೆದದ್ದು ಹೀಗೆ

ಭಾರತದ ನೆರವು ಹೊಸದೇನಲ್ಲ. 1988ರ ನವೆಂಬರ್ 3ರಂದು ಬಾಡಿಗೆ ಬಂಟರು ರಾಜಧಾನಿ ಮಾಲೆಗೆ ನುಗ್ಗಿದಾಗ ಅಧ್ಯಕ್ಷ ಗಯೂಮ್ ಕೂಗಿಗೆ ಓಗೊಟ್ಟು ಆಗ್ರಾದಿಂದ ಪ್ಯಾರಾ ಪಡೆ ಹಾರಿ ಹೋಗಿತ್ತು. 2004ರ ಸುನಾಮಿಯಲ್ಲಿ ನೆರವಿಗೆ ಮೊದಲು ಧಾವಿಸಿದ್ದೂ ಭಾರತವೇ. 2014ರ ಡಿಸೆಂಬರ್‌ನಲ್ಲಿ ಸಮುದ್ರದ ನೀರು ಸಿಹಿ ಮಾಡುವ ಘಟಕಕ್ಕೆ ಬೆಂಕಿ ಬಿದ್ದು ಮಾಲೆಯಲ್ಲಿ ಕುಡಿಯಲು ನೀರಿಲ್ಲದಾಗ ವಿಮಾನ, ಹಡಗುಗಳಲ್ಲಿ ನೀರು ಹೋಯಿತು.

ಆದರೆ ನೆರವು ಕೊಟ್ಟವನು ಮನೆಯೊಳಗೇ ಕೂತರೆ ಯಾರಿಗಾದರೂ ಇರುಸುಮುರುಸು. ಭಾರತ ಕೊಟ್ಟ ಎರಡು ಧ್ರುವ ಹೆಲಿಕಾಪ್ಟರ್ ಮತ್ತು ಒಂದು ಡಾರ್ನಿಯರ್ ವಿಮಾನ ನಡೆಸಲು ಎಂಬತ್ತರಷ್ಟು ಸೈನಿಕ ಸಿಬ್ಬಂದಿ ಅಲ್ಲಿದ್ದರು. ದೂರದ ದ್ವೀಪಗಳ ರೋಗಿಗಳನ್ನು ಸಾಗಿಸುವುದು ಇವುಗಳ ಮುಖ್ಯ ಕೆಲಸವಾಗಿತ್ತು. ಆದರೂ 'ಇಂಡಿಯಾ ಔಟ್' ಎಂಬ ಕೂಗು ಎದ್ದಿತು. ಅದೇ ಗಾಳಿಯಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಮೊಹಮ್ಮದ್ ಮುಯಿಝು ಅಧ್ಯಕ್ಷರಾಗಿ ಆರಿಸಿ ಬಂದರು.

2024ರ ಜನವರಿಯಲ್ಲಿ ಪ್ರಧಾನಿ ಮೋದಿ ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ಮಾಲ್ಡೀವ್ಸ್‌ನ ಮೂವರು ಉಪ ಸಚಿವರು ಎಕ್ಸ್ ಜಾಲತಾಣದಲ್ಲಿ ಹಗುರ ಮಾತು ಬರೆದು ಅಮಾನತಾದರು. ಇತ್ತ ಭಾರತದಲ್ಲಿ ಬಹಿಷ್ಕಾರದ ಕರೆ ಎದ್ದಿತು. ಅದೇ ವಾರ ಮುಯಿಝು ಚೀನಾಕ್ಕೆ ಹೋಗಿ ಬಂದರು. ಬಂದವರೇ ಅಕ್ಕಿ, ಸಕ್ಕರೆ, ಹಿಟ್ಟಿಗೆ ಒಂದೇ ದೇಶವನ್ನು ನೆಚ್ಚಿ ಕೂಡುವುದಿಲ್ಲ, ತುರ್ಕಿಯಿಂದ ತರಿಸುತ್ತೇವೆ ಎಂದು ಸಾರಿದರು. ಮಾರ್ಚ್‌ನಲ್ಲಿ ಚೀನಾ ಜೊತೆ ಸೇನಾ ನೆರವಿನ ಒಪ್ಪಂದವೂ ಆಯಿತು. 2024ರ ಮೇ 10ರೊಳಗೆ ಭಾರತದ ಸೈನಿಕರು ಹಿಂದಿರುಗಿದರು. ಅವರ ಜಾಗಕ್ಕೆ ಹೋದವರು ಬೆಂಗಳೂರಿನ ಎಚ್‌ಎಎಲ್‌ನ ನಾಗರಿಕ ತಂತ್ರಜ್ಞರು. ಸಮವಸ್ತ್ರ ಬದಲಾಯಿತು, ಹೆಲಿಕಾಪ್ಟರ್ ಅಲ್ಲೇ ಉಳಿಯಿತು.

ಬಹಿಷ್ಕಾರದಿಂದ ಏನಾಯಿತು?

2023ರಲ್ಲಿ ಮಾಲ್ಡೀವ್ಸ್‌ಗೆ ಹೋದ ಭಾರತೀಯರು ಸುಮಾರು 2.09 ಲಕ್ಷ, ಎಲ್ಲ ದೇಶಗಳಿಗಿಂತ ಹೆಚ್ಚು. 2024ರಲ್ಲಿ ಅದು 1.30 ಲಕ್ಷಕ್ಕೆ ಇಳಿಯಿತು. ಆದರೆ ಚೀನಾದವರು ಮೊದಲ ಸ್ಥಾನಕ್ಕೆ ಬಂದರು, ಒಟ್ಟು ಪ್ರವಾಸಿಗರ ಸಂಖ್ಯೆ 20 ಲಕ್ಷ ದಾಟಿತು. ಅಂದರೆ ಬಹಿಷ್ಕಾರ ನೋಯಿಸಿತು, ಕೆಡವಲಿಲ್ಲ. ಅಲ್ಲಿಯ ಮತದಾರನೂ ಹೆದರಲಿಲ್ಲ. ಏಪ್ರಿಲ್ 2024ರ ಸಂಸತ್ ಚುನಾವಣೆಯಲ್ಲಿ ಮುಯಿಝು ಪಕ್ಷ ಮೂರನೇ ಎರಡಕ್ಕಿಂತ ಹೆಚ್ಚು ಸ್ಥಾನ ಗೆದ್ದಿತು.

ಮಾಲ್ಡೀವ್ಸ್ ಮೆತ್ತಗಾಗಿದ್ದು ಸಾಲದಿಂದ. 2024ರ ಸೆಪ್ಟೆಂಬರ್ ಹೊತ್ತಿಗೆ ಅದರ ವಿದೇಶಿ ವಿನಿಮಯ ಸಂಗ್ರಹ ಒಂದೂವರೆ ತಿಂಗಳ ಆಮದಿಗೆ ಸಾಕಾಗುವಷ್ಟೇ ಉಳಿದಿತ್ತು. ಚೀನಾ ಸಾಲ, ಭಾರತದ ಸಾಲ, ಬಾಂಡ್ ಸಾಲ ಎಲ್ಲವೂ ಬಾಗಿಲಿಗೆ ಬಂದು ನಿಂತಿದ್ದವು. ಅಕ್ಟೋಬರ್‌ನಲ್ಲಿ ಮುಯಿಝು ದಿಲ್ಲಿಗೆ ಬಂದರು. 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿ ಕರೆನ್ಸಿ ವಿನಿಮಯದ ಆಸರೆ ಸಿಕ್ಕಿತು. ಆಗ್ರಾ, ಮುಂಬಯಿ ನೋಡಿ ಬೆಂಗಳೂರಿಗೂ ಬಂದು ಹೋದರು. 2025ರ ಜುಲೈ 26ರಂದು ಮಾಲ್ಡೀವ್ಸ್ ಸ್ವಾತಂತ್ರ್ಯದ 60ನೇ ವರ್ಷದ ಸಮಾರಂಭಕ್ಕೆ ಮೋದಿ ಅವರೇ ಅತಿಥಿ. ಆ ಭೇಟಿಯಲ್ಲಿ 4,850 ಕೋಟಿ ರೂಪಾಯಿ ಸಾಲ ಘೋಷಣೆಯಾಯಿತು, ಹಳೆ ಸಾಲದ ವಾರ್ಷಿಕ ಕಂತು ಶೇ. 40ರಷ್ಟು ಇಳಿಯಿತು.

ಹಾಗಂತ ಮಾಲ್ಡೀವ್ಸ್ ಚೀನಾದ ಕೈ ಬಿಟ್ಟಿದೆ ಎಂದಲ್ಲ. ಚೀನಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2025ರ ಜನವರಿ 1ರಿಂದಲೇ ಜಾರಿಗೆ ಬಂದಿದೆ. ಎರಡು ಕೋಣ ಕಾದಾಡಿದರೆ ನಡುವಿನ ಗಿಡಕ್ಕೆ ಕೇಡು ಎನ್ನುತ್ತಾರೆ. ಈ ಗಿಡ ಎರಡೂ ಕಡೆಯಿಂದ ಗೊಬ್ಬರ ಹಾಕಿಸಿಕೊಳ್ಳುವುದನ್ನು ಕಲಿತಿದೆ. ಆದರೆ ಹಾಕಿದ ಗೊಬ್ಬರಕ್ಕೆಲ್ಲ ಲೆಕ್ಕವೂ ಇದೆ, ತೀರಿಸಬೇಕಾದ ದಿನವೂ ಇದೆ.

ರೈತನ ಪಾಲಿಗೆ ಏನು?

ಮತ್ತೆ ಉಳ್ಳಾಗಡ್ಡಿಗೆ ಬರೋಣ. ದೇಶದಲ್ಲಿ 2023-24ರಲ್ಲಿ ಬೆಳೆದ ಉಳ್ಳಾಗಡ್ಡಿ ಸುಮಾರು 240 ಲಕ್ಷ ಟನ್. ಅದರಲ್ಲಿ ಮಾಲ್ಡೀವ್ಸ್ ಕೋಟಾ ಸಾವಿರ ಚೀಲಕ್ಕೆ ಒಂದೂವರೆ ಚೀಲ. ಇದರಿಂದ ಇಲ್ಲಿಯ ದರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆ ಕಾಲದಲ್ಲಿ ತೆರೆದಿದ್ದ ಕೆಲವೇ ಕಿಂಡಿಗಳಲ್ಲಿ ಅದೂ ಒಂದು. ಹಾಗಾಗಿ ಮಾಲ್ಡೀವ್ಸ್ ಮೇಲೆ ಸಿಟ್ಟು ಮಾಡಿ ರೈತನಿಗೆ ಬರುವುದೇನೂ ಇಲ್ಲ. ಹೊಡೆತ ಬಿದ್ದದ್ದು ಬಾಂಗ್ಲಾದೇಶ, ಮಲೇಷ್ಯಾ, ಕೊಲ್ಲಿಯಂಥ ದೊಡ್ಡ ಪೇಟೆಗಳ ಬಾಗಿಲು ಮುಚ್ಚಿದ್ದರಿಂದ.

ಸಿಟ್ಟಿಗೆ ಬೇರೆ ಕಾರಣ ಇದೆ. 2023ರ ಆಗಸ್ಟ್‌ನಲ್ಲಿ ಶೇ. 40 ರಫ್ತು ಸುಂಕ, ಅಕ್ಟೋಬರ್‌ನಲ್ಲಿ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ದರ, ಡಿಸೆಂಬರ್‌ನಲ್ಲಿ ನಿಷೇಧ. 2024ರ ಮೇ ತಿಂಗಳಲ್ಲಿ ನಿಷೇಧ ತೆಗೆದು 550 ಡಾಲರ್ ದರ, ಜೊತೆಗೆ ಶೇ. 40 ಸುಂಕ. ಸೆಪ್ಟೆಂಬರ್‌ನಲ್ಲಿ ಸುಂಕ ಶೇ. 20. 2025ರ ಏಪ್ರಿಲ್ 1ರಿಂದ ಸೊನ್ನೆ. ಇಪ್ಪತ್ತು ತಿಂಗಳಲ್ಲಿ ಆರು ಸಲ ನಿಯಮ ಬದಲು. ಬೀಜ ಹಾಕುವಾಗ ಒಂದು ಕಾನೂನು, ಕಿತ್ತು ಚೀಲ ತುಂಬುವಾಗ ಮತ್ತೊಂದು.

ಮುನಿಸಿಕೊಂಡ ನೆರೆಯವನ ಒಲೆ ಆರಿಸದೆ ಭಾರತ ಒಳ್ಳೆಯದನ್ನೇ ಮಾಡಿತು. ಅದರ ಫಲವೂ ಒಂದೇ ವರ್ಷದಲ್ಲಿ ಕಂಡಿತು. ಅಲ್ಲಿಯ ಐದು ಲಕ್ಷ ಜನರಿಗೆ ವರ್ಷದ ಆರಂಭದಲ್ಲೇ ಇಂತಿಷ್ಟು ಸಿಗುತ್ತದೆ ಎಂದು ಬರೆದು ಕೊಡಲು ಸರಕಾರಕ್ಕೆ ಸಾಧ್ಯವಿದೆ. ಬಿತ್ತುವ ಮೊದಲು ಇಲ್ಲಿಯ ರೈತನಿಗೂ ಅಂಥದೊಂದು ಮಾತು ಬರೆದು ಕೊಡಲು ಏನು ಅಡ್ಡಿ? ಮುಂದಿನ ನಿಷೇಧ ಬರುವ ಮುನ್ನ ಕೇಳಬೇಕಾದ ಪ್ರಶ್ನೆ ಇದು.