ಕಳ್ಳಭಟ್ಟಿ ಕಾದಂಬರಿಕಾರರಿಗೆ ಒಂದು ಪ್ರಶ್ನೆ

ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಇನ್ನೂರು ವರ್ಷಗಳ ಹಿಂದೆ ಕದ್ದು ವಿಸ್ಕಿ ಕಾಯಿಸುತ್ತಿದ್ದವರ ಮೇಲೆ ಐತಿಹಾಸಿಕ ಕಾದಂಬರಿ ಬರೆದು ಬಿಡುಗಡೆ ಮಾಡುವವರಿಗೆ ನಮ್ಮದೊಂದು ಪ್ರಶ್ನೆಯಿದೆ. ಬೆಳದಿಂಗಳು, ಮಂಜು, ತೊರೆಯ ದಂಡೆ, ಅಬಕಾರಿಯವನಿಗೆ ಚಳ್ಳೆಹಣ್ಣು ತಿನ್ನಿಸುವ ಚೆಲುವ. ಇಷ್ಟೇ ಇದ್ದರೆ ಅದು ಬಾಟಲಿಗೆ ಅಂಟಿಸುವ ಚೀಟಿಯಾದೀತೇ ಹೊರತು ಚರಿತ್ರೆಯಾಗದು. ಆ ಜನರನ್ನು ಕಳ್ಳರು ಮಾಡಿದವರು ಯಾರು? ಮೊದಲು ಅದನ್ನು ಹೇಳಿ.

ಬಾರ್ಲಿ ಬೆಳೆದವನು ಒಕ್ಕಲಿನವನು. ಭೂಮಿ ಧಣಿಯದು. ಗೇಣಿ ದುಡ್ಡಿನಲ್ಲಿ ಕಟ್ಟಬೇಕು. ಕಾಳಿನ ಮೂಟೆಗಳನ್ನು ಗುಡ್ಡ ದಾಟಿಸಿ ಪೇಟೆ ಮುಟ್ಟಿಸೋದು ಕಷ್ಟ. ಅದೇ ಕಾಳು ವಿಸ್ಕಿಯಾದರೆ ಕುದುರೆ ಬೆನ್ನ ಮೇಲೆ ಹೋಗುತ್ತೆ. ಆ ದುಡ್ಡು ಕೊನೆಗೆ ಬೀಳುತ್ತಿದ್ದದ್ದು ಧಣಿಯ ಪೆಟ್ಟಿಗೆಗೇ. ಗೇಣಿ ಸರಿಯಾಗಿ ಬರುತ್ತಿರುವ ತನಕ ಅವನ ಮೂಗಿಗೆ ಭಟ್ಟಿಯ ವಾಸನೆ ಬಡಿಯಲಿಲ್ಲ. ಹಿಡಿದು ತಂದವನಿಗೆ ನ್ಯಾಯ ಹೇಳಲು ಕೂತವನೂ ಎಷ್ಟೋ ಸಲ ಇಂಥ ಧಣಿಯೇ.

ಇನ್ನು ಕಾನೂನು ನೋಡಿ. 1725ರಲ್ಲಿ ಮೊಳಕೆ ಕಟ್ಟಿದ ಬಾರ್ಲಿಗೆ ತೆರಿಗೆ ಬಂತು. ಗ್ಲಾಸ್ಗೋದ ಜನ ದಂಗೆ ಎದ್ದರು. 1814ರಲ್ಲಿ ಗುಡ್ಡಗಾಡಿನವರು 500 ಗ್ಯಾಲನ್‌ಗಿಂತ ಚಿಕ್ಕ ಭಟ್ಟಿ ಹಂಡೆ ಇಡಕೂಡದು ಅಂದರು. ಗುಡಿಸಲಿನವನು ಅಂಥ ಹಂಡೆ ಎಲ್ಲಿಂದ ತಂದಾನು? ಅದೇ 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಕುರಿ ಮೇಯಿಸಲಿಕ್ಕೆ ಒಕ್ಕಲುಗಳನ್ನು ಎಬ್ಬಿಸಿದರು. ಮನೆಗಳು ಉರಿದವು. ಆ ಬೆಂಕಿಯ ಆರೋಪ ಹೊತ್ತ ಪ್ಯಾಟ್ರಿಕ್ ಸೆಲ್ಲರ್ 1816ರಲ್ಲಿ ನಿರ್ದೋಷಿಯಾಗಿ ಹೊರಬಂದ. ಹಂಡೆಯ ಕೆಳಗೆ ಬೆಂಕಿ ಹಚ್ಚಿದವನು ಮಾತ್ರ ಕಳ್ಳ!

1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ. ಅವನಿಗೆ ಬೇಕಾದದ್ದು ಗ್ಲೆನ್‌ಲಿವೆಟ್ ವಿಸ್ಕಿ, ಅಂದರೆ ಕಳ್ಳಮಾಲು. ರಾಥಿಮರ್ಕಸ್‌ನ ಧಣಿ ಜಾನ್ ಪೀಟರ್ ಗ್ರಾಂಟ್ ತನ್ನ ಮನೆಯ ಹಳೇ ವಿಸ್ಕಿ ಕಳಿಸಿದ. ಆ ಕಾಣಿಕೆಯ ಋಣದಿಂದಲೇ ಅಪ್ಪನಿಗೆ ಇಂಡಿಯಾದ ಜಡ್ಜ್‌ಗಿರಿ ಸಿಕ್ಕಿತು ಅಂತ ಅವನ ಮಗಳು ಎಲಿಜಬೆತ್ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾಳೆ. ಆತ ಬಂದು ಕೂತದ್ದು ಬೊಂಬಾಯಿಯ ಸುಪ್ರೀಂ ಕೋರ್ಟಿನಲ್ಲಿ. ಕೇಳಿಸಿಕೊಳ್ಳಿ ಗೆಳೆಯರೇ, ಕಳ್ಳಮಾಲು ಕೊಟ್ಟ ಧಣಿ ನಮ್ಮ ದೇಶಕ್ಕೆ ನ್ಯಾಯ ಹೇಳಲು ಬಂದ. ಕಾಯಿಸಿದವನ ಹಂಡೆ ಜಪ್ತಿಯಾಯಿತು.

1823ರ ಕಾನೂನು ಹತ್ತು ಪೌಂಡಿಗೆ ಪರವಾನಗಿ ಕೊಟ್ಟಿತು. ಗ್ಲೆನ್‌ಲಿವೆಟ್‌ನ ಜಾರ್ಜ್ ಸ್ಮಿತ್ 1824ರಲ್ಲಿ ಪಡೆದ; ನೆರೆಯ ಕಳ್ಳಭಟ್ಟಿಯವರಿಗೆ ಹೆದರಿ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ತಿರುಗಿದ. ಪರವಾನಗಿ ಸಿಕ್ಕವರು ಬ್ರಾಂಡ್ ಆದರು. ಸಿಗದವರ ಹೆಸರು ದಂಡದ ಲೆಕ್ಕದ ಪುಸ್ತಕದಲ್ಲಿದೆ.

ಹೆಣ್ಣುಮಕ್ಕಳ ಮಾತು ಬಂದರೆ ಹೆಲನ್ ಕಮಿಂಗ್ ಕಥೆ ಹೇಳುತ್ತಾರೆ. ಕಾರ್ಡೂನಲ್ಲಿ ಕಾಯಿಸುತ್ತಿದ್ದವಳು ಅವಳು. ಅಬಕಾರಿಯವರು ಬಂದರೆ ರೊಟ್ಟಿ ಸುಡುವವಳ ಹಾಗೆ ನಟಿಸಿ, ಒಳಗೆ ಕೂರಿಸಿ ಉಣ್ಣಲಿಕ್ಕಿ, ನೆರೆಯವರಿಗೆ ಗೊತ್ತಾಗಲೆಂದು ಕೆಂಪು ಬಾವುಟ ಏರಿಸುತ್ತಿದ್ದಳಂತೆ. 1824ರಲ್ಲಿ ಪರವಾನಗಿ ಬಂದದ್ದು ಗಂಡನ ಹೆಸರಿಗೆ. ಆ ಬಾವುಟ ಈಗ ವ್ಯಾಪಾರದ ಅಲಂಕಾರ. ನೆರೆಯವರನ್ನು ಉಳಿಸಲು ಏರಿದ್ದು ಅನ್ನೋದನ್ನ ಕಾದಂಬರಿಕಾರ ಮರೆಯಬಾರದು.

ನಾನು ಕುಡಿತದ ಪರ ವಕಾಲತ್ತು ಹಾಕುತ್ತಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ 300ಕ್ಕೂ ಹೆಚ್ಚು ಬಡವರನ್ನು ಕೊಂದಿತು. ಹೆಂಡ ನಮ್ಮ ಕೇರಿಗಳ ಅನ್ನ ತಿಂದಿದೆ, ಅಕ್ಷರ ತಿಂದಿದೆ. ಹಾಗಂತ 2007ರಲ್ಲಿ ನಿಷೇಧ ಬರುವವರೆಗೆ ಸಾರಾಯಿಯನ್ನು ಹರಾಜು ಕೂಗಿ ಮಾರಿಸಿದ್ದು ಯಾರು? ಸರ್ಕಾರವೇ. ಹರಾಜು ಹಿಡಿದವನು ಕಂಟ್ರಾಕ್ಟರ್ ಸಾಹೇಬ. ಗುಡಿಸಲ ಹಿಂದೆ ಮಡಕೆ ಇಟ್ಟವಳು ಕಳ್ಳಿ. ಸ್ಕಾಟ್ಲೆಂಡಿನ ಲೆಕ್ಕ ನಮಗೆ ಬೇಗ ಅರ್ಥವಾಗೋದು ಇದಕ್ಕೇ.

ಮೇಷ್ಟ್ರೇ, ವಿದ್ಯಾರ್ಥಿ ಮಿತ್ರರೇ, ಇಂಥ ಕಾದಂಬರಿ ಕೈಗೆ ಬಂದರೆ ಓದಿ. ಓದುತ್ತಾ ಮೂರು ವಿಷಯ ಹುಡುಕಿ: ಗೇಣಿ ಎಷ್ಟಿತ್ತು, ಕಾನೂನು ಬರೆದವರು ಯಾರು, ಮನೆ ಕಳಕೊಂಡವರು ಎಲ್ಲಿಗೆ ಹೋದರು. ಇವು ಪುಸ್ತಕದಲ್ಲಿ ಇಲ್ಲದಿದ್ದರೆ ಬಿಡುಗಡೆಯಾದದ್ದು ಪುಸ್ತಕ ಮಾತ್ರ. ಆ ಜನ ಇನ್ನೂ ಕಳ್ಳರ ಪಟ್ಟಿಯಲ್ಲೇ ಇದ್ದಾರೆ.