ಲಾರೆಡೊ ಬೀದಿಯ ಹಾಡು: ಪಾಠಾಂತರದಿಂದ ಮರುಗಾಯನಕ್ಕೆ

ಜಾನಪದ ಗೀತೆಗಳ ಅಧ್ಯಯನದಲ್ಲಿ ಪಾಠಾಂತರಗಳ ಹೋಲಿಕೆಗೆ ದೀರ್ಘವಾದ ಪರಂಪರೆಯಿದೆ. ಒಂದೇ ಹಾಡಿನ ಹಲವು ಪಾಠಗಳನ್ನು ಸಂಗ್ರಹಿಸಿ, ಪದಪದವನ್ನೂ ತಾಳೆನೋಡಿ, ಹಳೆಯದು ಯಾವುದು, ಶುದ್ಧವಾದುದು ಯಾವುದು ಎಂದು ನಿರ್ಣಯಿಸುವುದು ಈ ಪರಂಪರೆಯ ರೂಢಿ. ಧ್ವನಿಮುದ್ರಣದ ಕಾಲಕ್ಕೆ ಈ ರೂಢಿ ಎಷ್ಟರಮಟ್ಟಿಗೆ ಸಾಲುತ್ತದೆ ಎಂಬ ಚರ್ಚೆ ಮಾತ್ರ ಅಷ್ಟಾಗಿ ನಡೆದಿಲ್ಲ. ವೃತ್ತಿಗಾಯಕರು ಹಾಡಿ ಮುದ್ರಿಸಿದ ಜನಪದ ಗೀತೆಗಳನ್ನು, ಅಂದರೆ 'ಕವರ್' ಎಂದು ಕರೆಯಲಾಗುವ ಮರುಗಾಯನಗಳನ್ನು, ವ್ಯಾಪಾರದ ಸರಕೆಂದು ಬದಿಗಿರಿಸುವುದೇ ಹೆಚ್ಚು. ಅಮೆರಿಕದ ದನಗಾಹಿಗಳಾದ ಕೌಬಾಯ್‌ಗಳ ಪ್ರಸಿದ್ಧ ಕಥನಗೀತೆ 'ಸ್ಟ್ರೀಟ್ಸ್ ಆಫ್ ಲಾರೆಡೊ'ದ ಚರಿತ್ರೆಯನ್ನು ಗಮನಿಸಿದರೆ ಈ ಧೋರಣೆಯ ಮಿತಿ ಸ್ಪಷ್ಟವಾಗುತ್ತದೆ.

ಹಾಡಿನ ವಸ್ತು ಸರಳವಾದುದು. ಟೆಕ್ಸಾಸ್‌ನ ಗಡಿಯಲ್ಲಿ, ರಿಯೊ ಗ್ರಾಂಡೆ ನದಿಯ ದಡದಲ್ಲಿರುವ ಲಾರೆಡೊ ಪಟ್ಟಣದ ಬೀದಿಯಲ್ಲಿ ನಡೆದುಹೋಗುತ್ತಿರುವವನೊಬ್ಬ ಗುಂಡೇಟು ತಿಂದ ತರುಣ ಕೌಬಾಯ್‌ನನ್ನು ಕಾಣುತ್ತಾನೆ. ಸಾಯುತ್ತಿರುವ ತರುಣ ತನ್ನ ಕುಡಿತ, ಜೂಜುಗಳ ಬದುಕನ್ನು ಹೇಳಿಕೊಂಡು, ತನ್ನ ಶವಯಾತ್ರೆ ಹೇಗಿರಬೇಕೆಂದು ಕೋರುತ್ತಾನೆ. ಈ ಕೋರಿಕೆಯಲ್ಲಿ ಒಂದು ವಿಚಿತ್ರವಿದೆ. ದನ ಕಾಯುವವನ ಶವಯಾತ್ರೆಗೆ ಡ್ರಮ್ ಬಾರಿಸಬೇಕು, ಸೈನ್ಯದಲ್ಲಿ ಬಳಸುವ ಫೈಫ್ ಎಂಬ ಸಣ್ಣ ಕೊಳಲನ್ನು ನುಡಿಸಬೇಕು ಎನ್ನಲಾಗಿದೆ. ಹುಲ್ಲುಗಾವಲಿನ ಬಡ ಕೂಲಿಯಾಳಿಗೆ ಸಲ್ಲಬೇಕಾದ ಗೌರವ ಇದಲ್ಲ. ಇದು ಯೋಧನಿಗೆ ಸಲ್ಲುವ ಗೌರವ.

ಈ ವಿಚಿತ್ರಕ್ಕೆ ಕಾರಣ ಅಟ್ಲಾಂಟಿಕ್‌ನ ಆಚೆಗಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೀದಿಬೀದಿಗಳಲ್ಲಿ ಮಾರಾಟವಾಗುತ್ತಿದ್ದ ಬಿಡಿಹಾಳೆಯ ಹಾಡುಗಳಲ್ಲಿ 'ಅನ್‌ಫಾರ್ಚುನೇಟ್ ಲ್ಯಾಡ್' ಎಂಬುದು ಒಂದು. ಅದರಲ್ಲಿ ಸಾಯುವವನು ಲೈಂಗಿಕ ರೋಗಕ್ಕೆ ಬಲಿಯಾದ ತರುಣ. ಲಾಕ್ ಆಸ್ಪತ್ರೆಯ ಉಲ್ಲೇಖ, ಆ ಕಾಲದಲ್ಲಿ ಸಿಫಿಲಿಸ್‌ಗೆ ಕೊಡುತ್ತಿದ್ದ ಪಾದರಸದ ಔಷಧದ ಉಲ್ಲೇಖ ಅಲ್ಲಿವೆ. ಅವನು ಕೇಳುವ ಅಂತ್ಯಕ್ರಿಯೆ ಸೈನಿಕನದು. ಇದೇ ಹಂದರದಲ್ಲಿ ಸೈನಿಕನ ಹಾಡು ಇದೆ, ನಾವಿಕನ ಹಾಡು ಇದೆ, ಮೋಸಹೋದ ಹುಡುಗಿಯ ಹಾಡೂ ಇದೆ. ಹಾಡು ಅಮೆರಿಕದ ಪಶ್ಚಿಮಕ್ಕೆ ಬಂದಾಗ ರೋಗದ ಜಾಗದಲ್ಲಿ ಗುಂಡೇಟು ಬಂದಿತು. ಆಸ್ಪತ್ರೆಯ ಜಾಗದಲ್ಲಿ ಪಟ್ಟಣದ ಬೀದಿ ಬಂದಿತು. ಸೈನ್ಯದ ವಾದ್ಯಗಳು ಮಾತ್ರ ಹಾಗೆಯೇ ಉಳಿದವು. ಹಾಡುವವರಿಗೆ ಅವುಗಳ ಕಾರಣ ತಿಳಿದಿರಬೇಕಾಗಿಲ್ಲ. ಅವು ಪಲ್ಲವಿಯ ಭಾಗವಾಗಿ ನಾಲಗೆಯ ಮೇಲೆ ನಿಂತುಬಿಟ್ಟಿವೆ. ಜನಪದ ಗೀತೆಯೊಂದರ ವಂಶವನ್ನು ಗುರುತಿಸಲು ಅದರಲ್ಲಿ ಹೊಂದಿಕೆಯಾಗದೆ ಉಳಿದ ಅಂಶವೇ ಹೆಚ್ಚು ನೆರವಾಗುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಈ ಬದಲಾವಣೆ ತನ್ನಿಂದಾಯಿತೆಂದು ಹೇಳಿಕೊಂಡ ವ್ಯಕ್ತಿಯೂ ಇದ್ದಾನೆ. ಫ್ರಾಂಕ್ ಮೇನಾರ್ಡ್ ಎಂಬ ಕೌಬಾಯ್ ತಾನು 1876ರಲ್ಲಿ ದನಗಳ ಮಂದೆಯೊಂದಿಗೆ ಇದ್ದಾಗ ಈ ಹಾಡನ್ನು ಕಟ್ಟಿದೆನೆಂದೂ, ಆಗ ಸಂಗಡಿಗರು ಹಾಡುತ್ತಿದ್ದ ಸಾಯುತ್ತಿರುವ ಹುಡುಗಿಯೊಬ್ಬಳ ಪ್ರಲಾಪವೇ ಅದಕ್ಕೆ ಆಧಾರವೆಂದೂ ಹೇಳಿದ್ದಾನೆ. ಅವನ ಪಾಠದಲ್ಲಿ ಲಾರೆಡೊ ಇಲ್ಲ. ಕಾನ್ಸಾಸ್‌ನ ಡಾಡ್ಜ್ ಸಿಟಿಯಲ್ಲಿದ್ದ ಟಾಮ್ ಶರ್ಮನ್‌ನ ಮದ್ಯದಂಗಡಿ ಇದೆ. ಗಂಡಸುತನದ ಸಂಕೇತವೆಂದು ಪ್ರಸಿದ್ಧವಾದ ಹಾಡು ಹೆಣ್ಣಿನ ಪ್ರಲಾಪದಿಂದ ಹುಟ್ಟಿತೆನ್ನುವ ಈ ಹೇಳಿಕೆ ಗಮನಾರ್ಹವಾದುದು. 1910ರಲ್ಲಿ ಜಾನ್ ಲೋಮ್ಯಾಕ್ಸ್ ಪ್ರಕಟಿಸಿದ ಕೌಬಾಯ್ ಹಾಡುಗಳ ಸಂಕಲನದಲ್ಲಿ ಈ ಗೀತೆ ಸೇರಿತು. ಕೆಲವು ಕಡೆ ಬೇರೆ ಬೇರೆ ಪಾಠಗಳ ಉತ್ತಮ ಸಾಲುಗಳನ್ನು ಆರಿಸಿ ಜೋಡಿಸಿರುವುದಾಗಿ ಲೋಮ್ಯಾಕ್ಸ್ ಆ ಗ್ರಂಥದಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಎಂದರೆ ಕ್ಷೇತ್ರಕಾರ್ಯದ ಅಧಿಕೃತ ಪಾಠವೆಂದು ಮನ್ನಣೆ ಪಡೆದ ಸಂಕಲನದ ಹಿಂದೆಯೂ ಸಂಪಾದಕನ ಕೈವಾಡವಿದೆ.

1960ರಲ್ಲಿ ಫೋಕ್‌ವೇಸ್ ಸಂಸ್ಥೆ ಕೆನೆತ್ ಗೋಲ್ಡ್‌ಸ್ಟೈನ್ ಸಂಪಾದಕತ್ವದಲ್ಲಿ ಈ ಗೀತಕುಟುಂಬದ 20 ಪಾಠಗಳನ್ನು 'ಅನ್‌ಫಾರ್ಚುನೇಟ್ ರೇಕ್' ಎಂಬ ಒಂದೇ ಧ್ವನಿಮುದ್ರಿಕೆಯಲ್ಲಿ ತಂದಿತು. ಹೋಲಿಕೆಯ ಅಧ್ಯಯನಕ್ಕೆ ಇದು ಮಾದರಿಯೆನಿಸಿತು. ಆದರೆ 2019ರಲ್ಲಿ ರಿಚರ್ಡ್ ಜೆಂಕಿನ್ಸ್ 'ಫೋಕ್‌ಲೋರ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, 'ಅನ್‌ಫಾರ್ಚುನೇಟ್ ರೇಕ್' ಎಂಬ ಮೂಲಗೀತೆಯ ಕಲ್ಪನೆಯೇ ಸಂಗ್ರಾಹಕರೂ ವಿದ್ವಾಂಸರೂ ಸೇರಿ ಕಟ್ಟಿದ್ದು ಎಂಬ ವಾದವನ್ನು ಮಂಡಿಸಿದರು. ಎ.ಕೆ. ರಾಮಾನುಜನ್ ಅವರು ರಾಮಾಯಣಗಳನ್ನು ಕುರಿತು 1991ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಪಾಠಾಂತರವೆಂಬ ಮಾತನ್ನು ಬಿಟ್ಟು 'ಹೇಳುವಿಕೆ' ಎಂಬ ಅರ್ಥದ ಮಾತನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಪಾಠಾಂತರ ಎಂದೊಡನೆ ಬದಲಾಗದ ಮೂಲವೊಂದು ಎಲ್ಲಿಯೋ ಇದೆಯೆಂಬ ಭಾವನೆ ಬಂದುಬಿಡುತ್ತದೆ.

ಧ್ವನಿಮುದ್ರಿಕೆಗಳ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮಾರ್ಟಿ ರಾಬಿನ್ಸ್ 1960ರಲ್ಲಿ, ಜಾನಿ ಕ್ಯಾಶ್ 1965ರಲ್ಲಿ ಮತ್ತು ಪುನಃ 2002ರಲ್ಲಿ ಈ ಹಾಡನ್ನು ಮುದ್ರಿಸಿದರು. ರಾಬಿನ್ಸ್ ಮತ್ತು 2002ರ ಕ್ಯಾಶ್ ಅವರ ಗಾಯನಗಳನ್ನು ಪದಶಃ ಬರೆದುಕೊಂಡು ಹೋಲಿಸಿದರೆ ಸಿಗುವ ವ್ಯತ್ಯಾಸ ಅಲ್ಪ. ಸಾಂಪ್ರದಾಯಿಕ ಪಾಠಾಂತರ ಸೂಚಿ ಇವನ್ನು ಬಹುತೇಕ ಒಂದೇ ಪಾಠವೆಂದು ದಾಖಲಿಸಬಹುದು. ಕೇಳುವವರ ಅನುಭವ ಬೇರೆ. ರಾಬಿನ್ಸ್ ಅವರ ನುಣುಪಾದ, ಎಲ್ಲಿಯೂ ತೊಡರದ ಕಂಠದಲ್ಲಿ ಸಾವು ದೂರದ ಒಂದು ಸುಂದರ ದಂತಕಥೆಯಾಗುತ್ತದೆ. ಹಾಡುವವನು ದಾರಿಹೋಕನ ಜಾಗದಲ್ಲಿ ನಿಂತು ನೋಡುತ್ತಿದ್ದಾನೆ. 2002ರ ಧ್ವನಿಮುದ್ರಿಕೆ ಕ್ಯಾಶ್ ಬದುಕಿರುವಾಗ ಹೊರಬಂದ ಕೊನೆಯ ಆಲ್ಬಮ್‌ನಲ್ಲಿದೆ. 2003ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಎಪ್ಪತ್ತರ ವಯಸ್ಸಿನ, ಉಸಿರು ಕುಗ್ಗಿದ, ಅಲ್ಲಲ್ಲಿ ಒಡೆಯುವ ಆ ಕಂಠ ದಾರಿಹೋಕನದಾಗಿ ಉಳಿಯುವುದಿಲ್ಲ, ಸಾಯುವವನದೇ ಆಗಿಬಿಡುತ್ತದೆ. ಅದೇ ಗಾಯಕ ಮೂವತ್ತಮೂರರ ವಯಸ್ಸಿನಲ್ಲಿ, ಪಶ್ಚಿಮದ ಚರಿತ್ರೆಯನ್ನು ಹಾಡಿನಲ್ಲಿ ಹೇಳುವ ಆಲ್ಬಮ್‌ಗಾಗಿ ಹಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ಕೇಳಿದರೆ ಅಂತರ ತಿಳಿಯುತ್ತದೆ. ಮೌಖಿಕ ಪರಂಪರೆಯಲ್ಲಿ ಪದಗಳಲ್ಲಿ ಕಾಣುತ್ತಿದ್ದ ಬದಲಾವಣೆ ಧ್ವನಿಮುದ್ರಣದ ಕಾಲದಲ್ಲಿ ಕಂಠಕ್ಕೆ, ಲಯಕ್ಕೆ, ವಾದ್ಯಕ್ಕೆ, ಗಾಯಕನ ವಯಸ್ಸಿಗೆ ವರ್ಗಾವಣೆಯಾಗಿದೆ. ಪದಗಳನ್ನು ಮಾತ್ರ ಓದುವ ವಿಧಾನಕ್ಕೆ ಇದು ಕಾಣಿಸದು.

ಪದಗಳು ಸಂಪೂರ್ಣವಾಗಿ ಹೆಪ್ಪುಗಟ್ಟಿವೆ ಎಂದು ಹೇಳಲೂ ಬಾರದು. 1956ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘವೊಂದು ಚೀನೀಯನೆಂಬ ಕಾರಣಕ್ಕೆ ಶರ್ಮನ್ ವು ಎಂಬ ವಿದ್ಯಾರ್ಥಿಯನ್ನು ಹೊರಗಿಟ್ಟಾಗ ಅದನ್ನು ಕುರಿತ ಹಾಡು ಇದೇ ಮಟ್ಟಿನಲ್ಲಿ ಹುಟ್ಟಿತು. ಅದನ್ನು ಪೀಟ್ ಸೀಗರ್ ಹಾಡಿದರು. 1962ರಲ್ಲಿ ಆಲನ್ ಶರ್ಮನ್ 'ಸ್ಟ್ರೀಟ್ಸ್ ಆಫ್ ಮಿಯಾಮಿ' ಎಂಬ ಅಣಕವನ್ನು ಮುದ್ರಿಸಿದರು. ಪ್ರತಿಭಟನೆಗೂ ನಗೆಗೂ ಈ ಮಟ್ಟು ಒದಗಿದ್ದು ಕೇಳುಗರಿಗೆ ಅದು ಅಷ್ಟು ಪರಿಚಿತವಾಗಿತ್ತು ಎಂಬುದರಿಂದ. ಆ ಪರಿಚಯವನ್ನು ಹರಡಿದ್ದರಲ್ಲಿ ಧ್ವನಿಮುದ್ರಿಕೆಗಳ ಪಾಲು ದೊಡ್ಡದು.

ಇದಕ್ಕೆ ಆಕ್ಷೇಪವೊಂದು ಸಹಜ. ಮೌಖಿಕ ಪರಂಪರೆಯ ಗಾಯಕ ಸಮುದಾಯದ ಮುಂದೆ ಹಾಡುತ್ತಾನೆ. ಮರುಗಾಯಕ ಕಂಪನಿಗಾಗಿ, ಕೊಳ್ಳುವವರಿಗಾಗಿ ಹಾಡುತ್ತಾನೆ. ಆದ್ದರಿಂದ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ಆ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಜನಪ್ರಿಯವಾದ ಒಂದು ಧ್ವನಿಮುದ್ರಿಕೆ ಉಳಿದ ಪಾಠಗಳನ್ನು ನುಂಗಿಹಾಕಬಲ್ಲದು. ಮೇನಾರ್ಡನ ಡಾಡ್ಜ್ ಸಿಟಿ ಮರೆಯಾಗಿ ಲಾರೆಡೊ ಉಳಿದುದನ್ನು ನೋಡಿದರೆ ಆ ಭಯ ನಿರಾಧಾರವಲ್ಲ. ಆದರೆ ಬಿಡಿಹಾಳೆಯ ಮುದ್ರಕನೂ ಕಾಸಿಗಾಗಿಯೇ ಹಾಡನ್ನು ಅಚ್ಚುಹಾಕಿದ್ದನು. ವ್ಯಾಪಾರದ ಸೋಂಕೇ ಅನರ್ಹತೆಯಾಗುವುದಾದರೆ ಈ ಹಾಡಿನ ಹಳೆಯ ಆಕರಗಳನ್ನೂ ಕೈಬಿಡಬೇಕಾಗುತ್ತದೆ. ನುಂಗುವಿಕೆ ನಡೆದಿದೆಯೆಂದರೆ ಅದನ್ನು ಅಧ್ಯಯನ ಮಾಡಲು ನುಂಗಿದ ಪಾಠವನ್ನೇ ಮೊದಲು ಪರಿಶೀಲಿಸಬೇಕು.

ಕನ್ನಡದ ಸಂದರ್ಭಕ್ಕೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಶಿಶುನಾಳ ಶರೀಫರ ತತ್ವಪದಗಳು ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಬದುಕಿಬಂದವು. ಸಿ. ಅಶ್ವಥ್ ಅವರ ಕ್ಯಾಸೆಟ್‌ಗಳು, 1990ರ 'ಸಂತ ಶಿಶುನಾಳ ಶರೀಫ' ಚಲನಚಿತ್ರ ಬಂದಮೇಲೆ ನಾಡಿನ ಬಹುಪಾಲು ಕೇಳುಗರಿಗೆ ಶರೀಫರೆಂದರೆ ಅಶ್ವಥ್ ಅವರ ಕಂಠವೇ ಆಯಿತು. ಪದಗಳು ಬಹುಮಟ್ಟಿಗೆ ಅವೇ. ಮೇಳದ ಜಾಗರಣೆಯಲ್ಲಿ ಹಲವರು ಕೂಡಿ ಹಾಡುವ ಪದಕ್ಕೂ ಒಬ್ಬ ಗಾಯಕನ ಏರುಕಂಠದಲ್ಲಿ, ವಾದ್ಯವೃಂದದ ನಡುವೆ ಸಿಡಿಯುವ ಪದಕ್ಕೂ ಅರ್ಥದಲ್ಲಿ ಅಂತರವಿದೆ. ಮೊದಲನೆಯದು ಸಾಧಕರ ನಡುವಿನ ಸಂವಾದ. ಎರಡನೆಯದು ಸಭೆಗೆ ಮಾಡಿದ ಸಂಬೋಧನೆ. ಯಾವುದು ನಿಜವಾದ ಶರೀಫ ಎಂದು ಜಗಳವಾಡುವುದಕ್ಕಿಂತ, ತತ್ವಪದವೊಂದು ಈ ದಾರಿಯಲ್ಲಿ ಏನನ್ನು ಕಳೆದುಕೊಂಡಿತು, ಏನನ್ನು ಪಡೆಯಿತು ಎಂದು ಕೇಳುವುದು ಫಲಪ್ರದವಾದೀತು.

ಆದರೆ ಹಾಗೆ ಕೇಳಲು ಆಕರಗಳು ಉಳಿದಿರಬೇಕು. ಜನಪದ ಗೀತೆಗಳನ್ನು ಕುರಿತ ಮಹಾಪ್ರಬಂಧಗಳ ಅನುಬಂಧದಲ್ಲಿ ಹಾಡಿನ ಪಠ್ಯವನ್ನು ಅಚ್ಚುಹಾಕಿ, ಹಾಡಿದವರ ಧ್ವನಿಯನ್ನು ಸಂಶೋಧಕರ ಮನೆಯ ಕಪಾಟಿನಲ್ಲಿಯೇ ಬಿಡುವ ಪದ್ಧತಿ ನಿಲ್ಲಬೇಕು. ಗಾಯಕರ ವಯಸ್ಸು, ಹಾಡಿದ ಸಂದರ್ಭ, ಯಾರಿಂದ ಕಲಿತರು, ಕ್ಯಾಸೆಟ್ ಕೇಳಿ ಕಲಿತರೇ ಎಂಬ ವಿವರಗಳೊಡನೆ ಧ್ವನಿಯೂ ಪ್ರಬಂಧದ ಭಾಗವಾಗಿ ವಿಭಾಗದ ಸಂಗ್ರಹಕ್ಕೆ ಸೇರಬೇಕು. ಮಾರುಕಟ್ಟೆಯ ಕ್ಯಾಸೆಟ್‌ಗಳಿಗೂ ಅಲ್ಲಿ ಸ್ಥಾನ ಸಿಗಬೇಕು. ಕ್ಯಾಸೆಟ್‌ನ ಟೇಪು ವರ್ಷಗಳು ಕಳೆದಂತೆ ಹಾಳಾಗುವ ವಸ್ತು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಮುದ್ರಿತವಾದ ಧ್ವನಿಗಳನ್ನು ಉಳಿಸಿಕೊಳ್ಳುವ ಅವಕಾಶ ಇನ್ನು ಹೆಚ್ಚು ಕಾಲ ಇರಲಾರದು.